ಗ್ಯೊಕುಡೋನ ಬೆಟ್ಟ ಬರೆಯಹೊರಟವಳಿಗೆ

ಚಿ. ಕು. ಮೇದಿನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಮೂರು ಚಿತ್ರಗಳ ಫೋಟೋ ಬಂದವು. ಮೊದಲನೆಯದರಲ್ಲಿ ಬೆಟ್ಟ ಇದ್ದಿಲ ರಾಶಿಯ ಹಾಗಾಗಿದೆ. ಎರಡನೆಯದರಲ್ಲಿ ಕಾಗದವೇ ಕಿತ್ತು ಎದ್ದಿದೆ. ಮೂರನೆಯದು ಪರವಾಗಿಲ್ಲ, ಆದರೆ ಹಿಮದ ಚಿತ್ರದಲ್ಲಿ ಹಿಮವೇ ಇಲ್ಲ. ಎಲ್ಲಿ ಎಡವಿದೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಚಿತ್ರಗಳ ಕೆಳಗೆ ಜಪಾನಿನ ಆ ಹಳೆಯ ಚಿತ್ರಕಾರನ ಬಗ್ಗೆ ನೀನು ಬರೆದಿದ್ದ ಎರಡು ಸಾಲಿನ ವಿಷಯ: 'ಕೋಟೋ ನುಡಿಸುತ್ತಿದ್ದ, 50ಕ್ಕೆ ಕೆಲಸ ಬಿಸಾಕಿ ಚಿತ್ರಕಾರನಾದ, ಕುಡಿದ ಮತ್ತಿನಲ್ಲಿ ಬರೆಯುತ್ತಿದ್ದ ಉರಗಾಮಿ ಗ್ಯೊಕುಡೋ.' ಇದರಲ್ಲಿ ಪೂರ್ತಿ ಸರಿಯಾಗಿರುವುದು ಅವನ ಹೆಸರೊಂದೇ ಕಣೇ.

ಆ ಹೆಸರಿನಿಂದಲೇ ಶುರು ಮಾಡೋಣ. ಉರಗಾಮಿ ಅಂದರೆ ನಮ್ಮ ಕಿವಿಗೆ ಹಾವು ಹರಿದ ಹಾಗೆ ಕೇಳಿಸುತ್ತದೆ. ಹಾವಿಗೂ ಅದಕ್ಕೂ ಸಂಬಂಧವಿಲ್ಲ. 'ಉರ' ಅಂದರೆ ಕಡಲು ಒಳಚಾಚಿದ ಕಡೆಯ ದಡ, 'ಗಾಮಿ' ಅಂದರೆ ಮೇಲಿನದು. ಅದು ಮನೆತನದ ಹೆಸರು. ಗ್ಯೊಕುಡೋ ಅನ್ನುವುದು ವಾದ್ಯದಿಂದ ಬಂದದ್ದು. 1779ರಲ್ಲಿ ಅವನ ಕೈಗೆ ಚೀನಾದ ಮಿಂಗ್ ರಾಜವಂಶದ ಕಾಲದ್ದೆಂದು ಹೇಳಲಾದ ಒಂದು ಕಿನ್, ಅಂದರೆ ಏಳು ತಂತಿಯ ವಾದ್ಯ, ಬಂತು. ಅದರ ಮೇಲೆ 'ಗ್ಯೊಕುಡೋ ಸೇಯಿನ್' ಎಂಬ ಬರಹವಿತ್ತು, ಜೇಡ್ ಮಂಟಪದ ತಿಳಿನಾದ ಎಂಬ ಅರ್ಥ. ಅದರ ಮೊದಲ ಪದವನ್ನೇ ತನ್ನ ಹೆಸರು ಮಾಡಿಕೊಂಡ. ಅದೇ ವರ್ಷ ಹುಟ್ಟಿದ ಹಿರಿಮಗ ಮುಂದೆ ಹೆಸರಾದದ್ದು ಶುಂಕಿನ್ ಎಂದು, ಅಂದರೆ ವಸಂತದ ಕಿನ್. 1785ರಲ್ಲಿ ಹುಟ್ಟಿದ ಕಿರಿಯವನು ಶೂಕಿನ್, ಶರತ್ಕಾಲದ ಕಿನ್. ಮನೆಯೆಲ್ಲ ಒಂದೇ ವಾದ್ಯದ ಹೆಸರು. ಚಿತ್ರಗಳ ಮೇಲೆ ಅವನು ಹಾಕುತ್ತಿದ್ದ ರುಜು 'ಗ್ಯೊಕುಡೋ ಕಿನ್ಶಿ', ಅಂದರೆ ಕಿನ್ ವಾದಕ ಗ್ಯೊಕುಡೋ. ಅವನ ಒಂದು ಚಿತ್ರಸಂಪುಟದ ಹೆಸರು 'ಕೊಕಿನ್ ಯೋಜಿ', ಕಿನ್ ನುಡಿಸಿ ಮಿಕ್ಕ ಹೊತ್ತಿನ ಕೆಲಸ. ಬೆಟ್ಟ ಬರೆದು ಮುಗಿಸಿದ ಮೇಲೂ ವಾದಕನೆಂದೇ ರುಜು ಹಾಕಿದವನನ್ನು ಸಂಗೀತ ಬಿಟ್ಟು ಚಿತ್ರಕ್ಕೆ ಬಂದವನು ಅಂತ ಬರೆಯಬೇಡ.

ಕಿನ್ ಬೇರೆ, ಕೋಟೋ ಬೇರೆ. ಕಿನ್ ಎಂಬ ಅಕ್ಷರವನ್ನು ಜಪಾನಿನಲ್ಲಿ ಕೋಟೋ ಎಂದೂ ಓದುವುದರಿಂದ ಈ ಗೊಂದಲ. ಕೋಟೋಗೆ 13 ತಂತಿ, ಒಂದೊಂದು ತಂತಿಗೂ ಸರಿಸಬಹುದಾದ ಒಂದೊಂದು ಕುದುರೆ, ಬೆರಳಿಗೆ ಕಟ್ಟಿಕೊಳ್ಳುವ ಉಗುರು, ಆರಡಿ ಉದ್ದ. ಕಿನ್‌ಗೆ ಏಳು ತಂತಿ, ಸರಿಸುವ ಕುದುರೆ ಇಲ್ಲ, ಮೆಟ್ಟಿಲೂ ಇಲ್ಲ, ನುಡಿಸುವುದು ಬರಿಬೆರಳಲ್ಲಿ, ಉದ್ದ ನಾಲ್ಕಡಿ. ಮೇಲ್ಹಲಗೆ ಹಗುರ ಮರದ್ದು, ತಳದ ಹಲಗೆ ಗಟ್ಟಿ ಮರದ್ದು, ತಳದಲ್ಲಿ ನಾದ ಹೊರಡಲು ಎರಡು ಕಂಡಿ, ಮೈಗೆಲ್ಲ ಅರಗಿನೆಣ್ಣೆಯ ಲೇಪ. ತಂತಿ ಹುರಿ ಹಾಕಿದ ರೇಷ್ಮೆಯದು. ಎಲ್ಲಕ್ಕಿಂತ ದಪ್ಪನೆಯ ತಂತಿ ವಾದಕನಿಂದ ದೂರದ ಅಂಚಿಗೆ, ಅದರ ಪಕ್ಕದಲ್ಲೇ ಸಾಲಾಗಿ ಚಿಪ್ಪಿನ 13 ಬಿಳಿ ಬೊಟ್ಟು. ಬೆರಳಿಗೆ ಅವೇ ದಾರಿಗುರುತು.

ಈ ಬೊಟ್ಟುಗಳ ಲೆಕ್ಕ ನಿನ್ನ ವೀಣೆಯಲ್ಲೇ ಕೇಳಿ ನೋಡಬಹುದು. ಸಾರಣಿ ತಂತಿಯ ಮೇಲೆ, ಸರಿಯಾಗಿ 12ನೇ ಮೆಟ್ಟಿಲಿನ ನೆತ್ತಿಯಲ್ಲಿ, ಎಡಗೈ ಬೆರಳನ್ನು ಒತ್ತದೆ ಸುಮ್ಮನೆ ತಾಗಿಸು. ಬಲಗೈಯಲ್ಲಿ ಮೀಟು, ಮೀಟಿದ ಕ್ಷಣವೇ ಎಡಬೆರಳು ಎತ್ತಿಬಿಡು. ಗಂಟೆಯ ಹಾಗೆ ಟೊಳ್ಳಾದ, ಹೊಳೆಯುವ ಒಂದು ಸ್ವರ ಬರುತ್ತದೆ. ಅಲ್ಲಿ ತಂತಿ ಸರಿಯಾಗಿ ಅರ್ಧಕ್ಕೆ ಭಾಗವಾಗಿರುತ್ತದೆ. ಕಿನ್‌ನ ಏಳನೇ ಬೊಟ್ಟು ಅದೇ. 7ನೇ ಮೆಟ್ಟಿಲ ಮೇಲೆ ತಾಗಿಸಿದರೆ ಮೂರನೇ ಒಂದು ಭಾಗ, ಅದು ಒಂಬತ್ತನೇ ಬೊಟ್ಟು. 5ನೇ ಮೆಟ್ಟಿಲ ಮೇಲೆ ಕಾಲು ಭಾಗ, ಹತ್ತನೇ ಬೊಟ್ಟು. ಸ್ವರ ಬರದೆ ಬರಿ 'ಟಕ್' ಅಂದರೆ ಒಂದೋ ಬೆರಳು ಒತ್ತಿದ್ದೀಯ, ಇಲ್ಲವೇ ತಡವಾಗಿ ಎತ್ತಿದ್ದೀಯ. ಮೆಟ್ಟಿಲಿನ ನೆತ್ತಿ ಬಿಟ್ಟು ಎರಡು ಮೆಟ್ಟಿಲ ನಡುವೆ ತಾಗಿಸಿದರೂ ಹಾಗೇ ಆಗುತ್ತದೆ.

ಕಿನ್‌ನಲ್ಲಿ ನಾದ ಮೂರು ಥರ. ಬಿಟ್ಟ ತಂತಿಯ ತುಂಬುನಾದ, ಈಗ ಹೇಳಿದ ತಾಗುನಾದ, ಹಲಗೆಗೆ ಒತ್ತಿ ಹಿಡಿದ ನಾದ. ಮೂರನೆಯದೇ ನಿನಗೆ ಮುಖ್ಯ. ವೀಣೆಯಲ್ಲಿ ಮೆಟ್ಟಿಲು ಸ್ವರವನ್ನು ಹಿಡಿದುಕೊಡುತ್ತದೆ, ಗಮಕಕ್ಕೆ ನೀನು ತಂತಿಯನ್ನು ಪಕ್ಕಕ್ಕೆ ಎಳೆಯುತ್ತೀಯ. ಕಿನ್‌ನಲ್ಲಿ ಒತ್ತಿದ ಬೆರಳೇ ತಂತಿಯ ಉದ್ದಕ್ಕೂ ಜಾರಬೇಕು. ರೇಷ್ಮೆಯ ನಾದ ಸಣ್ಣದು, ಬೇಗ ಆರುತ್ತದೆ. ಮೀಟಿದ ನಾದ ಆರಿಹೋದ ಮೇಲೂ ಬೆರಳು ಜಾರುತ್ತಲೇ ಇರುತ್ತದೆ. ಆಗ ಕೇಳುವುದು ಸ್ವರವಲ್ಲ, ರೇಷ್ಮೆಯ ಮೇಲೆ ಚರ್ಮ ಉಜ್ಜುವ ಒಣ ಸದ್ದು. ಬಲ್ಲವರು ಆ ಸದ್ದನ್ನೂ ರಾಗದ ಭಾಗವಾಗಿಯೇ ಕೇಳುತ್ತಾರೆ. ಗ್ಯೊಕುಡೋನ ಬೆಟ್ಟದ ಮೇಲೆ ಕಾಣುವ ಒಣಕುಂಚದ ಉಜ್ಜು ಇದೆಯಲ್ಲ, ನೀನು ಇದ್ದಿಲು ಮಾಡಿದ್ದು, ಅದನ್ನು ನೋಡುವಾಗೆಲ್ಲ ಈ ಸದ್ದನ್ನು ನೆನಪಿಗೆ ತಂದುಕೋ. ಇದನ್ನು ಅವನೆಲ್ಲೂ ಹೇಳಿಕೊಂಡಿದ್ದಾನೆ ಅಂತಲ್ಲ, ಇದು ನನ್ನ ತೀರ್ಮಾನ. ಆದರೆ ದಿನಾ ಆ ಸದ್ದಿನಲ್ಲಿ ಬದುಕಿದ ಕೈ ಅದು ಅನ್ನುವುದಂತೂ ನಿಜ.

ಈ ವಾದ್ಯ ಜಪಾನಿನಲ್ಲಿ ಮತ್ತೆ ಬೇರು ಬಿಟ್ಟದ್ದು 1677ರಲ್ಲಿ ಚೀನಾದಿಂದ ಬಂದ ಬೌದ್ಧ ಸನ್ಯಾಸಿಯೊಬ್ಬನಿಂದ. ಜಪಾನೀಯರು ಅವನನ್ನು ಟೋಕೋ ಶಿನ್‌ಎತ್ಸು ಅನ್ನುತ್ತಾರೆ. ಮಿಟೋ ಸಂಸ್ಥಾನದ ಒಡೆಯ ಟೊಕುಗಾವಾ ಮಿತ್ಸುಕುನಿ ಅವನಿಗೆ ಆಸರೆ ಕೊಟ್ಟ. ಗ್ಯೊಕುಡೋ ಎಡೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ತಾಕಿ ರಾಂಕೆಯ್ ಎಂಬ ವೈದ್ಯನಿಂದ ಕಲಿತದ್ದು ಅದೇ ಪರಂಪರೆಯ ಪಾಠ. ಈ ವಾದ್ಯದ ಬರಹದಲ್ಲಿ ಯಾವ ಬೆರಳು, ಯಾವ ತಂತಿ, ಯಾವ ಬೊಟ್ಟು ಅಂತ ಇರುತ್ತದೆ. ಎಷ್ಟು ಹೊತ್ತು ನಿಲ್ಲಬೇಕು ಅಂತ ಇರುವುದಿಲ್ಲ. ಅದು ಗುರುಮುಖದಿಂದಲೇ ಬರಬೇಕು. ಗ್ಯೊಕುಡೋ ಚೀನೀ ಪಾಠಕ್ಕೆ ನಿಲ್ಲಲಿಲ್ಲ. ಜಪಾನಿನ ಹಳೆಯ ಆಸ್ಥಾನದ 'ಸಾಯಿಬಾರಾ' ಹಾಡುಗಳನ್ನು ಕಿನ್‌ಗೆ ಹೊಂದಿಸಿ 1791ರಲ್ಲಿ 'ಗ್ಯೊಕುಡೋ ಕಿನ್‌ಫು', ಅಂದರೆ ಗ್ಯೊಕುಡೋನ ಕಿನ್ ಸ್ವರಲಿಪಿ, ಎಂದು ಅಚ್ಚು ಹಾಕಿಸಿದ. ಕಿನ್‌ಗಳನ್ನು ತಾನೇ ಮಾಡುತ್ತಲೂ ಇದ್ದ.

ಈಗ ಮಸಿಗೆ ಬರೋಣ. ನಿನ್ನ ಮೊದಲ ತಪ್ಪು ಬಾಟಲಿ ಮಸಿ. ಅದು ಅಕ್ಷರ ಬರೆಯಲು ಆದೀತು, ಒಂದರ ಮೇಲೊಂದು ಪದರ ಹಾಕಲು ಆಗದು. ಮೂರನೇ ಪದರಕ್ಕೆ ಬೂಟ್ ಪಾಲಿಶ್ ಥರ ಮಿಂಚುತ್ತದೆ. ಮಸಿಕಡ್ಡಿಯನ್ನೇ ತೇಯಿ. ಅದು ಕಾಡಿಗೆಯನ್ನು ಪ್ರಾಣಿಯ ಅಂಟಿನಲ್ಲಿ ಕಲಸಿ ಒಣಗಿಸಿದ್ದು. ಕಲ್ಲಿನ ಮೇಲೆ ಒಂದು ಟೀ ಚಮಚ ನೀರು ಸಾಕು. ಸಾಣೆಕಲ್ಲಿನ ಮೇಲೆ ಗಂಧ ತೇಯುವ ಕೈ ನಿನಗಿದೆ, ಅದೇ ಕೈ ಇಲ್ಲೂ: ಒತ್ತಬೇಡ, ಕಡ್ಡಿಯ ಭಾರವೇ ಸಾಕು, ಸುತ್ತಿ ಸುತ್ತಿ ಹತ್ತು ಹದಿನೈದು ನಿಮಿಷ. ಒತ್ತಿದರೆ ಕಾಡಿಗೆ ಕಾಳುಕಾಳಾಗಿ ಬಿಟ್ಟು ಬರುತ್ತದೆ. ಕಡ್ಡಿ ಹೋದ ದಾರಿಯಲ್ಲಿ ಕಲ್ಲು ಕಂಡು ಮೆಲ್ಲಗೆ ಮುಚ್ಚಿಕೊಳ್ಳುವಷ್ಟು ಗಟ್ಟಿಯಾದರೆ ಆಯಿತು. ಮುಗಿದ ಮೇಲೆ ಕಡ್ಡಿಯ ತುದಿ ಒರೆಸಿಡು, ಕಲ್ಲಿನ ಮೇಲೆ ನಿಲ್ಲಿಸಿ ಹೋದರೆ ಅಂಟಿಕೊಂಡುಬಿಡುತ್ತದೆ. ಮಿಕ್ಕ ಮಸಿಯನ್ನು ಮಾರನೇ ದಿನಕ್ಕೆ ಇಡಬೇಡ. ಅಂಟು ಕೆಟ್ಟು ಕಾಡಿಗೆ ಗಸಿಯಾಗಿ ನಿಲ್ಲುತ್ತದೆ.

ಮೂರು ಬಿಳಿ ಬಟ್ಟಲು ಇಟ್ಟುಕೋ. ಮೊದಲನೆಯದರಲ್ಲಿ ಒಂದು ಪಾಲು ಮಸಿಗೆ ಹನ್ನೆರಡು ಪಾಲು ನೀರು, ಎರಡನೆಯದರಲ್ಲಿ ಒಂದಕ್ಕೆ ಐದು, ಮೂರನೆಯದರಲ್ಲಿ ನೀರು ಸೇರಿಸದ ಮಸಿ. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದಾಗ ಒಂದು ಮೆಟ್ಟಿಲು ತೆಳುವಾಗುತ್ತದೆ, ಹಾಗಾಗಿ ಚೂರು ಕಾಗದದ ಮೇಲೆ ಹಚ್ಚಿ ಒಣಗಿಸಿ ನೋಡದೆ ಬಟ್ಟಲಿಗೆ ಮಸಿ ಸುರಿಯಬೇಡ. ನೀನು ಹತ್ತಿರದ ಅಂಗಡಿಯಿಂದ ತಂದ ಅಕ್ಕಿಕಾಗದಕ್ಕೆ ಅಂಟು ಕೊಟ್ಟಿಲ್ಲ, ಅದು ಬತ್ತಿಯ ಹಾಗೆ ಹೀರುತ್ತದೆ. ಹಸಿಮಸಿ ಒಂದೇ ಬೀಸಿಗೆ ಹರಡಬೇಕಾದ ಚಿತ್ರಕ್ಕೆ ಅದು ಸರಿ. ಹತ್ತು ಪದರದ ಕೆಲಸಕ್ಕೆ ಪಟಿಕ ಮತ್ತು ಅಂಟಿನ ನೀರು ಬಳಿದ, ಅರ್ಧ ಹೀರುವ ಕಾಗದ ತರಿಸು. ಕಾಗದದ ಮೇಲೆ ಒಂದು ಹನಿ ನೀರು ಬಿಟ್ಟು ಹತ್ತು ಎಣಿಸು; ತಕ್ಷಣ ಇಂಗಿದರೆ ಬೇಡ, ಗೋಲಿಯಾಗಿ ನಿಂತೇ ಇದ್ದರೂ ಬೇಡ, ಮೆಲ್ಲಗೆ ಅಂಚು ಬಿಟ್ಟರೆ ಅದು ಬೇಕು.

ಮೊದಲ ಪದರ ತೀರಾ ತಿಳಿ, ಒದ್ದೆ. ಬೆಟ್ಟದ ಗುಂಡು, ಮರದ ಕಾಂಡ, ಗುಡಿಸಲು, ಎಲ್ಲ ದೆವ್ವದ ನೆರಳಿನ ಹಾಗೆ ಇರಲಿ. ಇಲ್ಲೇ ನೀನು ಗಟ್ಟಿ ಗೆರೆ ಹಾಕಿಬಿಟ್ಟಿದ್ದೀಯ. ಮೊದಲೇ ಕಪ್ಪು ಹಾಕಿದರೆ ಮುಂದೆ ಹೋಗಲು ಜಾಗವೇ ಇಲ್ಲ. ಪೂರ್ತಿ ಒಣಗಲು ಬಿಡು. ಬೆರಳ ಹಿಂಬದಿ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಒದ್ದೆಯಿದೆ ಅಂತ ಅರ್ಥ. ಹೇರ್ ಡ್ರೈಯರ್ ಹಿಡಿದರೆ ಕಾಗದ ಹಪ್ಪಳದ ಹಾಗೆ ಸುರುಟುತ್ತದೆ, ಆ ಆತುರ ಬೇಡ. ಎರಡನೇ ಬಟ್ಟಲಿನ ಮಸಿ ತೆಗೆದುಕೊಳ್ಳುವಾಗ ಕುಂಚವನ್ನು ಹಳೇ ಪಂಚೆಯ ತುಂಡಿಗೆ ಒರೆಸಿ ಒರೆಸಿ ಅರ್ಧ ಒಣಗಿಸು. ಕುಂಚವನ್ನು ಮಲಗಿಸಿ, ತುದಿಯಿಂದಲ್ಲ, ಮಗ್ಗುಲಿನಿಂದ, ಅಡ್ಡಡ್ಡ ಚಿಕ್ಕ ಉಜ್ಜುಗಳನ್ನು ಇಡು. ಗ್ಯೊಕುಡೋನ ಕೈಗುರುತು ಈ ಅಡ್ಡ ಉಜ್ಜು. ಬೆಟ್ಟ ಮೇಲಕ್ಕೆ ಏಳುತ್ತಿರುತ್ತದೆ, ಮರ ಮೇಲಕ್ಕೆ ಏಳುತ್ತಿರುತ್ತದೆ, ಉಜ್ಜು ಮಾತ್ರ ಅಡ್ಡಕ್ಕೆ ಎಳೆಯುತ್ತದೆ. ಆ ಜಗ್ಗಾಟದಲ್ಲೇ ಅವನ ಬೆಟ್ಟ ನಡುಗುವಂತೆ ಕಾಣುವುದು. ನೀನು ಬೆಟ್ಟದ ಇಳಿಜಾರು ಹೋದ ಕಡೆಗೇ ಕುಂಚ ಎಳೆದಿದ್ದೀಯ, ಅದಕ್ಕೇ ಹುಲ್ಲಿನ ಬಣವೆಯಾಗಿದೆ.

ಮತ್ತೆ ಒಣಗಿಸು, ಮತ್ತೆ ಉಜ್ಜು. ಒಂದು ಕಡೆ ಎರಡು ಪದರ, ಇನ್ನೊಂದು ಕಡೆ ಐದು, ಮತ್ತೊಂದು ಕಡೆ ಬರಿ ಕಾಗದ. ಎಲ್ಲೆಡೆ ಒಂದೇ ಸಮ ಹಚ್ಚಿದರೆ ಗೋಡೆಗೆ ಬಣ್ಣ ಬಳಿದ ಹಾಗೆ. ಕಟ್ಟಕಡೆಗೆ ನೀರಿಲ್ಲದ ಮಸಿ, ಬಹುಪಾಲು ಒಣಗಿದ ಕುಂಚ. ಇಡೀ ಚಿತ್ರಕ್ಕೆ ಮೂವತ್ತು ನಲವತ್ತು ಏಟು, ಅಷ್ಟೇ: ಮರದ ಬುಡ, ಬಂಡೆಯ ಕಂಕುಳು, ಸೇತುವೆಯ ಅಡಿ. ಒದ್ದೆ ಪದರದ ಮೇಲೆ ಉಜ್ಜಿದ್ದಕ್ಕೇ ಎರಡನೇ ಚಿತ್ರದಲ್ಲಿ ಕಾಗದದ ನಾರು ಎದ್ದದ್ದು. ನಾರು ಎದ್ದ ಕಡೆ ಮಸಿ ಕುಡಿದು ಕಲೆ ಕಟ್ಟುತ್ತದೆ, ಅದನ್ನು ಸರಿ ಮಾಡಲು ಆಗದು, ಆ ಹಾಳೆಯನ್ನು ಅಭ್ಯಾಸಕ್ಕೆ ಬಿಡು.

ಕುಡಿತದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವನು ಕುಡಿಯುತ್ತಿದ್ದದ್ದು ನಿಜ, ಕೆಲವು ಚಿತ್ರಗಳ ಮೇಲೆ 'ಮತ್ತಿನಲ್ಲಿ ಮಾಡಿದ್ದು' ಅಂತ ತಾನೇ ಬರೆದಿದ್ದಾನೆ. 1807ರಲ್ಲಿ ಒಸಾಕಾದ ಒಂದು ದೇಗುಲದಲ್ಲಿ ಅವನ ಜೊತೆ ತಂಗಿದ್ದ ಚಿತ್ರಕಾರ ಟನೋಮುರಾ ಚಿಕುಡೆನ್, ಅವನಿಗಿಂತ 32 ವರ್ಷ ಚಿಕ್ಕವನು, ಕಂಡದ್ದನ್ನು ಬರೆದಿಟ್ಟಿದ್ದಾನೆ. ಗ್ಯೊಕುಡೋ ಅಮಲೇರಿದಾಗ ಕುಂಚ ಹಿಡಿಯುತ್ತಿದ್ದ, ಅಮಲು ಇಳಿದರೆ ನಿಲ್ಲಿಸುತ್ತಿದ್ದ, ಹೀಗೆ ಹತ್ತಾರು ಸಲವಾದ ಮೇಲೆ ಒಂದು ಚಿತ್ರ ಮುಗಿಯುತ್ತಿತ್ತು. ಇದನ್ನು ಓದಿದ ಎಲ್ಲರೂ ಅಮಲನ್ನು ಎತ್ತಿಕೊಂಡರು, ನಿಲ್ಲಿಸಿದ್ದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಒಂದು ಕೂರಿಕೆ, ಆಮೇಲೆ ಗಂಟೆಗಟ್ಟಲೆ ಬಿಡುವು, ಮತ್ತೆ ಒಂದು ಕೂರಿಕೆ. ಪ್ರತಿ ಬಿಡುವಿನಲ್ಲೂ ಮಸಿ ಎಲುಬಿನ ಹಾಗೆ ಒಣಗಿರುತ್ತದೆ, ಕಣ್ಣು ತಿಳಿಯಾಗಿರುತ್ತದೆ. ನೀನು ಭಾನುವಾರ ಬೆಳಗ್ಗೆ ಕೂತು ಮಧ್ಯಾಹ್ನದ ಊಟಕ್ಕೆ ಮುಗಿಸಿದ್ದೀಯ, ಅದೂ ಮೂರು ಚಿತ್ರ! ಒಂದೇ ಹಾಳೆಯನ್ನು ಹತ್ತು ದಿನಕ್ಕೆ ಹಂಚು. ದಿನಕ್ಕೆ ಇಪ್ಪತ್ತು ನಿಮಿಷ, ವೀಣೆಯ ಅಭ್ಯಾಸ ಮುಗಿದ ಮೇಲೆ, ಮುಂಚೆ ಅಲ್ಲ. ಅವನ ಕ್ರಮವೂ ಅದೇ ತಾನೇ, ನುಡಿಸಿ ಮಿಕ್ಕ ಹೊತ್ತು.

ಹಿಮದ ಚಿತ್ರಕ್ಕೆ ಬಂದೆ. ನೀನು ನಕಲು ಮಾಡಲು ಹೊರಟದ್ದು ಅವನ ಅತಿ ಕಷ್ಟದ ಚಿತ್ರ, 'ಟೋಉನ್ ಶಿಸೆತ್ಸು'. ಹೆಪ್ಪುಗಟ್ಟಿದ ಮೋಡ ಹಿಮವನ್ನು ಜರಡಿ ಹಿಡಿಯುತ್ತಿದೆ ಅಂತ ಅರ್ಥ. ಹಿಟ್ಟು ಜರಡಿ ಹಿಡಿಯುವಾಗ ಮೊರದ ಮೇಲೆ ಬೀಳುವ ಆ ಸಣ್ಣ ಧೂಳೇ ಅಲ್ಲಿಯ ಹಿಮ. ಕಾಗದದ ಮೇಲಿನ ತೂಗುಚಿತ್ರ, ಸುಮಾರು 133 ಸೆಂ.ಮೀ. ಎತ್ತರ, 56 ಸೆಂ.ಮೀ. ಅಗಲ. ಜಪಾನಿನ ರಾಷ್ಟ್ರೀಯ ನಿಧಿ. ಕಾದಂಬರಿಕಾರ ಕವಾಬಾತಾ ಯಸುನಾರಿ ಅದನ್ನು ಕೊಂಡು ಇಟ್ಟುಕೊಂಡಿದ್ದರು. ಈಗ ಅವರ ಹೆಸರಿನ ಪ್ರತಿಷ್ಠಾನದ ಬಳಿ ಇದೆ. ಅದರಲ್ಲಿ ಹಿಮಕ್ಕೆ ಬಿಳಿ ಬಣ್ಣವೇನೂ ಹಚ್ಚಿಲ್ಲ ಅನ್ನುವುದನ್ನು ಮೊದಲು ಗಮನಿಸು. ಆಕಾಶವನ್ನು ಬೂದಿಗಪ್ಪು ಮಾಡಿ ಬೆಟ್ಟದ ನೆತ್ತಿಯನ್ನು ಬರಿ ಕಾಗದವಾಗಿ ಬಿಟ್ಟಿದ್ದಾನೆ. ನೀನು ಬೆಟ್ಟ ಬರೆದು ಆಕಾಶ ಬಿಟ್ಟೆ. ಅವನು ಆಕಾಶ ಬರೆದು ಬೆಟ್ಟ ಬಿಟ್ಟ. ರಂಗೋಲಿಯಲ್ಲಿ ಬಿಟ್ಟ ಜಾಗವೇ ಹೂವಾಗುವುದನ್ನು ಬಲ್ಲ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಶುರುವಿಗೇ, ಮಸಿ ಮುಟ್ಟುವ ಮುಂಚೆ, ಎಲ್ಲಿ ಮುಟ್ಟುವುದಿಲ್ಲ ಅಂತ ಚೂರು ಕಾಗದದ ಮೇಲೆ ಗುರುತು ಮಾಡಿಕೋ. ಹಾಳೆಯ ಕಾಲು ಭಾಗವಾದರೂ ಬರಿದಾಗಿ ಉಳಿಯಲಿ. ಪದರ ಏರಿದಂತೆ ಕೈ ತಡೆಯದೆ ಅದರಲ್ಲಿ ಅರ್ಧ ಹೋಗಿಯೇ ಹೋಗುತ್ತದೆ.

ಆದರೂ ಇದನ್ನು ಈಗ ಬಿಡು. ಮೊದಲು ಚಿಕ್ಕವನ್ನು ನಕಲು ಮಾಡು. 1811ರ 'ಎಂಕಾಜೋ', ಮಂಜು-ಹೊಗೆಯ ಸಂಪುಟ, ಅದರ ಹಾಳೆಗಳು ಪುಟ್ಟ ಜಾಗದಲ್ಲೇ ಅವನ ಎಲ್ಲ ಪಟ್ಟುಗಳನ್ನೂ ಕಲಿಸುತ್ತವೆ. ಕೆಲವಕ್ಕೆ ಬಣ್ಣವೂ ಇದೆ. ಅವನ ಬಣ್ಣವೆಂದರೆ ಕಾವಿ ಕೆಂಪು, ತುಸು ನೀಲಿ, ಅಷ್ಟೇ. ಅದೂ ಒಣ ಮಸಿಯ ಮೇಲೆ ತೆಳುವಾಗಿ. ಅವನ ಚಿತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಒಬ್ಬ ಮನುಷ್ಯ ಇರುತ್ತಾನೆ: ಸೇತುವೆ ದಾಟುತ್ತಲೋ, ಗುಡಿಸಲಲ್ಲಿ ಕೂತೋ. ಎಷ್ಟು ಚಿಕ್ಕವನೆಂದರೆ ಮೂರು ಗೆರೆ. ಮೊದಲು ಅವನನ್ನು ಹುಡುಕು, ಅಲ್ಲಿಂದ ಕಣ್ಣನ್ನು ಮೇಲಕ್ಕೆ ಹತ್ತಿಸು.

ಇನ್ನು ಕೆಲಸ ಬಿಡುವ ಮಾತು. ಸಾಲಿನ ನಡುವೆ ಅಡಗಿಸಿ ಬರೆದಿದ್ದೀಯ, ಆದರೂ ಕಂಡಿತು. ಅವನ ಲೆಕ್ಕ ಸರಿಯಾಗಿ ತಿಳಿದುಕೋ. ಹುಟ್ಟಿದ್ದು 1745, ಒಕಾಯಾಮಾದಲ್ಲಿ. ಏಳಕ್ಕೇ ತಂದೆ ಹೋಗಿ ಮನೆತನದ ಹೊಣೆ ಹೆಗಲಿಗೆ ಬಂತು. 25,000 ಕೊಕು (ಆದಾಯ ಎಣಿಸುತ್ತಿದ್ದ ಅಕ್ಕಿಯ ಅಳತೆ) ಆದಾಯದ ಕಾಮೊಗಾತಾ ಸಂಸ್ಥಾನದಲ್ಲಿ ಸೇವೆಗೆ ಸೇರಿ, ಅಧಿಕಾರಿಗಳ ಮೇಲೆ ಕಣ್ಣಿಡುವ ಓಮೆತ್ಸುಕೆ ಹುದ್ದೆಯವರೆಗೂ ಏರಿದ. 1792ರಲ್ಲಿ ಹೆಂಡತಿ ತೀರಿಕೊಂಡಳು. 1794ರಲ್ಲಿ, ಹುಟ್ಟಿದ್ದನ್ನೇ ಒಂದೆಂದು ಎಣಿಸುವ ಅವರ ಲೆಕ್ಕಕ್ಕೆ 50, ನಮ್ಮ ಲೆಕ್ಕಕ್ಕೆ 49, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಕಿನೊಸಾಕಿಯ ಬಿಸಿನೀರಿನ ಬುಗ್ಗೆಗೆ ಹೋದವನು ಅಲ್ಲಿಂದಲೇ ಸಂಸ್ಥಾನ ಬಿಟ್ಟೆನೆಂದು ತಿಳಿಸಿದ. ಒಡೆಯನ ಅಪ್ಪಣೆಯಿಲ್ಲದೆ ಹಾಗೆ ಬಿಡುವುದು ಆ ಕಾಲದಲ್ಲಿ ದೊಡ್ಡ ಅಪರಾಧ. ಆದರೆ ಬಿಡುವ ಹೊತ್ತಿಗೆ ಕೈಯಲ್ಲಿ ಏನಿತ್ತು ನೋಡು: ಅಚ್ಚಾದ ಕಿನ್‌ಫು, ದೇಶದುದ್ದಕ್ಕೂ ಕೇಳುವವರಿದ್ದ ವಿದ್ಯೆ. ಮರುವರ್ಷವೇ ಐಜು ಸಂಸ್ಥಾನದಲ್ಲಿ ಹಾನಿತ್ಸು ದೇಗುಲದ ನಿಂತುಹೋಗಿದ್ದ ಸಂಗೀತವನ್ನು ಮತ್ತೆ ಎತ್ತಿ ನಿಲ್ಲಿಸಿದ. ಅದು ಸಂಗೀತಗಾರನಾಗಿ ಸಿಕ್ಕ ಕೆಲಸ, ಚಿತ್ರಕಾರನಾಗಿ ಅಲ್ಲ. ಕಿರಿಮಗ ಅಲ್ಲೇ ಸಂಸ್ಥಾನದ ಸಂಗೀತಗಾರನಾಗಿ ನೆಲೆ ನಿಂತ. ಹಿರಿಮಗ ಶುಂಕಿನ್ ಕ್ಯೋಟೋದಲ್ಲಿ ಹೂವು-ಹಕ್ಕಿಯ ಅಚ್ಚುಕಟ್ಟು ಚಿತ್ರಗಳಿಗೆ ಹೆಸರಾದ. ಆ ಕಾಲದಲ್ಲಿ ಗಿರಾಕಿಗಳು ಕೇಳಿಕೊಂಡು ಬರುತ್ತಿದ್ದದ್ದು ಅಪ್ಪನ ಬೆಟ್ಟಗಳನ್ನಲ್ಲ, ಮಗನ ಹಕ್ಕಿಗಳನ್ನು. ಕಿನ್ ಬೆನ್ನಿಗೆ ಕಟ್ಟಿಕೊಂಡು ಕ್ಯೂಶೂವರೆಗೂ ತಿರುಗಿದ ಗ್ಯೊಕುಡೋ ಕಡೆಗೆ ಅದೇ ಮಗನ ಜೊತೆ ನೆಲೆಸಿ 1820ರಲ್ಲಿ ತೀರಿಕೊಂಡ. ನಾವು ಇವತ್ತು ಬಾಯಿ ಬಿಟ್ಟುಕೊಂಡು ನೋಡುವ ಚಿತ್ರಗಳು ಹೆಚ್ಚಿನವು ಅರವತ್ತು ದಾಟಿದ ಮೇಲಿನವು. ನಿನಗೆ 26. ವಾರಕ್ಕೆ ಎರಡು ದಿನ ರಜೆ ಕೊಡುವ ಕೆಲಸವಿದೆ, ದಿನಕ್ಕೆ ಇಪ್ಪತ್ತು ನಿಮಿಷದ ಚಿತ್ರಕ್ಕೆ ಅದು ಅಡ್ಡ ಬರುವುದಿಲ್ಲ. ರಾಜೀನಾಮೆ ಪತ್ರ ಬರೆದಿದ್ದರೆ ಪೆಟ್ಟಿಗೆಯಲ್ಲಿಡು. ಮೊದಲು ಹತ್ತು ಹಾಳೆ ಮುಗಿಸು.

ನವೆಂಬರಿನಲ್ಲಿ ಜಪಾನಿಗೆ ಹೋಗುವುದು ಖಚಿತವಾದರೆ, ಟಿಕೆಟ್ ತೆಗೆಯುವ ಮುಂಚೆ ಒಕಾಯಾಮಾದ ಪ್ರಾಂತೀಯ ಕಲಾ ಮ್ಯೂಸಿಯಂ ಆ ತಿಂಗಳು ಏನು ತೂಗುಹಾಕಿದೆ ಅಂತ ನೋಡಿಕೋ. ಕಾಗದದ ಮೇಲಿನ ಮಸಿಚಿತ್ರಗಳನ್ನು ಬೆಳಕಿಗೆ ಹೆದರಿ ವರ್ಷಕ್ಕೆ ಕೆಲವೇ ವಾರ ಹೊರಗಿಡುತ್ತಾರೆ, ಮಿಕ್ಕಂತೆ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ. ಹೋದವರೆಲ್ಲರಿಗೂ ಎಲ್ಲವೂ ಕಾಣುವುದಿಲ್ಲ. ಟೋಕಿಯೋದ ಇಡೆಮಿಟ್ಸು ಮ್ಯೂಸಿಯಂನಲ್ಲೂ ಅವನ ಒಳ್ಳೆಯ ಸಂಗ್ರಹವಿದೆ, ಆದರೆ ಕಟ್ಟಡ ಹೊಸದಾಗಿ ಕಟ್ಟಲೆಂದು 2024ರ ಕೊನೆಗೆ ಮುಚ್ಚಿದ್ದಾರೆ, ಅದನ್ನು ನಂಬಿ ಹೊರಡಬೇಡ. ಕ್ಯೋಟೋದಲ್ಲಿ ಅವನ ಸಮಾಧಿ ಹೊನ್ನೋ-ಜಿ ದೇಗುಲದಲ್ಲಿದೆ, ನಗರದ ನಟ್ಟನಡುವೆ, ನಡೆದೇ ಹೋಗಬಹುದು. ಗಾಜಿನ ಪೆಟ್ಟಿಗೆಯೊಳಗೆ ಚಿತ್ರ ಒಂದು ಮೀಟರ್ ಆಚೆ ತೂಗುತ್ತಿರುತ್ತದೆ, ಬೆಳಕೂ ಮಬ್ಬು. ಹತ್ತಿರದಿಂದ ಫೋಕಸ್ ಆಗುವ ಪುಟ್ಟ ಒಂಟಿಕಣ್ಣಿನ ದುರ್ಬೀನು ಚೀಲದಲ್ಲಿರಲಿ. ಮೊದಲು ಐದು ಹೆಜ್ಜೆ ಹಿಂದೆ ನಿಂತು ಬರಿಗಣ್ಣಲ್ಲಿ ನೋಡು, ಆಮೇಲೆ ದುರ್ಬೀನಿನಲ್ಲಿ ಒಂದೇ ಬಂಡೆ ಹಿಡಿದು ಎಷ್ಟು ಪದರವಿದೆ ಎಣಿಸು. ತಿಳಿಯದು ಅಡಿಯಲ್ಲಿ, ಒಣದು ಮೇಲೆ ಕಾಣಬೇಕು.

ಮಸಿಕಡ್ಡಿ ತರಿಸಿಕೊಂಡ ಮೇಲೆ ಮೊದಲ ಹಾಳೆಯ ಫೋಟೋ ಮುಗಿದಾಗ ಕಳಿಸಬೇಡ. ಮೂರನೇ ದಿನದ್ದು, ಆರನೇ ದಿನದ್ದು, ಹತ್ತನೇ ದಿನದ್ದು, ಮೂರನ್ನೂ ಒಟ್ಟಿಗೆ ಕಳಿಸು. ಕಿಟಕಿಯ ಬೆಳಕಿನಲ್ಲಿ ತೆಗಿ, ಫ್ಲ್ಯಾಶ್ ಹಾಕಬೇಡ, ಪದರ ಕಾಣುವುದಿಲ್ಲ. ಅಮ್ಮನಿಗೆ ಕೇಳಿದೆನೆಂದು ಹೇಳು.

ಇಂತಿ,
ನಿನ್ನ ದೊಡ್ಡಮ್ಮ